ಅಪ್ಪನ ಕಾರಿನ ಬಣ್ಣ

ನಿತ್ಯಾನಂದನಿಗೆ ಮಲಯಾಳ ಓದಲು ಬರುತ್ತಿರಲಿಲ್ಲ. ಆದರೂ ತಿರುವನಂತಪುರದ ಅಂಚಿನ ಶ್ರೀಕಾರ್ಯಂನಲ್ಲಿ, ತನ್ನ ಬಾಡಿಗೆ ಮನೆಯ ಜಗಲಿಯ ಮೇಲೆ ಕೂತು, ದಿನಾ ಬೆಳಿಗ್ಗೆ ಮಲಯಾಳ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ. ಇದು ಹೇಗೆ ಸಾಧ್ಯ ಎಂದು ಕೇಳುವವರು ಸರಕಾರಿ ನೌಕರಿ ಮಾಡಿದವರಲ್ಲ. ತಿಳಿಯದ ಕಾಗದವನ್ನು ಗಂಭೀರವಾಗಿ ನೋಡುತ್ತ ಕೂರುವುದು, ನಡುವೆ ಒಮ್ಮೆ "ಹ್ಞೂಂ" ಅನ್ನುವುದು, ಪುಟ ತಿರುಗಿಸುವ ಮೊದಲು ತುಸು ನಿಟ್ಟುಸಿರು ಬಿಡುವುದು, ಇಷ್ಟು ಅಭ್ಯಾಸವಾದರೆ ಸಾಕು. ನಿತ್ಯಾನಂದನಿಗೆ ಅದು ಕಚೇರಿಯಲ್ಲೇ ಆಗಿತ್ತು.

ತಪ್ಪು ಪೂರ್ತಿ ಅವನದೆಂದೂ ಹೇಳುವಂತಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ಇಂಗ್ಲಿಷ್ ಓದಿ, ಮದರಾಸು ಸರಕಾರದ ಗುಮಾಸ್ತನಾಗಿ ಊರಿನ ಕಚೇರಿಯಲ್ಲೇ ತಣ್ಣಗೆ ಕೂತಿದ್ದವನು ಅವನು. ಒಂದು ದಿನ ಬೆಳಗಾಗುವಾಗ ಕಾಸರಗೋಡು ಕೇರಳಕ್ಕೆ ಸೇರಿತ್ತು. ಕೂತ ಕುರ್ಚಿಯಿಂದ ಏಳದೆಯೇ ರಾಜ್ಯ ಬದಲಾಯಿಸಿದ ಈ ಸಾಧಕನನ್ನು ಸ್ವಲ್ಪ ಸಮಯದ ಮೇಲೆ ಕುರ್ಚಿಯಿಂದಲೂ ಎಬ್ಬಿಸಿ ತಿರುವನಂತಪುರಕ್ಕೆ ವರ್ಗ ಮಾಡಿದರು. ಆ ಹೊತ್ತಿಗೆ ಪುತ್ತೂರಿನ ಕಡೆಯ ಒಂದು ಹುಡುಗಿಯ ಜಾತಕ ಕೂಡಿಬಂದಿತ್ತು. ಹುಡುಗಿಯ ತಂದೆ, "ಬೊಂಬಾಯಿ ಆಗಿದ್ರೆ ನೋಡಬಹುದಿತ್ತು, ತಿರುವನಂತಪುರ ಅಂದ್ರೆ ತುಂಬ ದೂರ ಆಯ್ತು" ಎಂದು ಜಾತಕ ವಾಪಸು ಕಳಿಸಿದರು. ಭೂಪಟ ಬಿಡಿಸಿ ತೋರಿಸಿದರೂ ಅವರು ಒಪ್ಪಲಿಲ್ಲ.

ಮಾತಿನ ಮಲಯಾಳ ಅವನಿಗೆ ಧಾರಾಳವಾಗಿ ಬರುತ್ತಿತ್ತು. ಆದರೆ ಅದು ಕಾಸರಗೋಡಿನ ಮಲಯಾಳ. ಅವನು ಬಾಯಿ ತೆಗೆದರೆ ತಿರುವನಂತಪುರದವರು ನಗುತ್ತಿದ್ದರು. ಹಾಗಾಗಿ ಮನೆಯ ಯಜಮಾನ ಕೇಶವ ಪಿಳ್ಳೆ ಮೊದಲ ದಿನವೇ "ಸಾರ್‌ಗೆ ನಮ್ಮ ಅಕ್ಷರ ಓದಿ ಗೊತ್ತುಂಟೋ?" ಎಂದು ಕೇಳಿದಾಗ, ನಗಿಸಿಕೊಳ್ಳಲು ಇನ್ನೊಂದು ಕಾರಣ ಬೇಡವೆಂದು ನಿತ್ಯಾನಂದ "ಅದೇನು ದೊಡ್ಡ ವಿಷಯ" ಅಂದುಬಿಟ್ಟ. ಮರುದಿನದಿಂದ ಪಿಳ್ಳೆಯವರು ತಾವು ಓದಿ ಮುಗಿಸಿದ ಪತ್ರಿಕೆಯನ್ನು ಪಕ್ಕದಲ್ಲೇ ಇದ್ದ ತಮ್ಮ ಮನೆಯಿಂದ ತಂದು ಇವನ ಕೈಗೆ ಕೊಡತೊಡಗಿದರು. ಕೊಟ್ಟು ಹೋಗುವವರಲ್ಲ. ಅಲ್ಲೇ ನಿಂತು "ಸಂಪಾದಕೀಯ ಹೇಗುಂಟು?" ಎಂದು ಕೇಳುವರು. "ಸ್ವಲ್ಪ ಖಾರ ಜಾಸ್ತಿಯಾಯಿತು" ಎಂದು ನಿತ್ಯಾನಂದ ಹೇಳುವನು. ಆ ವರ್ಷಗಳಲ್ಲಿ ಕೇರಳದ ಸಂಪಾದಕೀಯಗಳೆಲ್ಲ ಖಾರವಾಗಿಯೇ ಇರುತ್ತಿದ್ದುದರಿಂದ ಅವನು ಒಂದು ದಿನವೂ ಸಿಕ್ಕಿಬೀಳಲಿಲ್ಲ.

ಪತ್ರಿಕೆ ಮಡಚಿಟ್ಟ ಮೇಲೆ ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮಲಯಾಳ, ಮನೆಗೆ ಬಂದರೆ ಅವೆರಡೂ ಇಲ್ಲ. ಸಂಜೆ ಸೀಮೆಎಣ್ಣೆ ಸ್ಟೋವಿನ ಮುಂದೆ ಕೂತು, "ಎಂತದಾ ನಿತ್ಯಾನಂದ, ಇವತ್ತು ಸಾರು ಮಾಡುದಾ, ಮಜ್ಜಿಗೆಯಲ್ಲೇ ಮುಗಿಸುದಾ?" ಎಂದು ತನ್ನನ್ನೇ ಕೇಳಿ, "ಮಜ್ಜಿಗೆ ಸಾಕು ಮಾರಾಯ, ಯಾರಿಗೆ ಬೇಕು ಇನ್ನು ಸಾರು" ಎಂದು ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದ. ಇನ್ನೊಬ್ಬರ ಬಾಯಿಂದ ಊರಿನ ಕನ್ನಡ ಕೇಳಬೇಕಾದರೆ ಕೊಚ್ಚಿಗೆ ಹೋಗಬೇಕಿತ್ತು. ಅಲ್ಲಿ ಮಟ್ಟಾಂಚೇರಿಯಲ್ಲಿ ಅವನ ತಂಗಿ ಕುಸುಮಾವತಿ ಇದ್ದಳು. ಅವಳ ಗಂಡ ದಾಮೋದರ ಅಲ್ಲಿಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಮಗಳು ವಿಜಯಾ ಶಾಲೆಗೆ ಹೋಗುತ್ತಿದ್ದಳು. ಕೊಲ್ಲಂ ದಾರಿಯಾಗಿ ಹೊಸ ರೈಲು ಓಡಲು ಶುರುವಾದ ಮೇಲೆ ನಿತ್ಯಾನಂದ ತಿಂಗಳಿಗೊಮ್ಮೆ ಎರ್ನಾಕುಳಂನಲ್ಲಿ ಇಳಿದು, ಬೋಟು ಹತ್ತಿ ತಂಗಿಯ ಮನೆ ಸೇರುತ್ತಿದ್ದ. ಆ ಒಂದು ದಿನದ ಆಸೆಯಲ್ಲಿ ತಿಂಗಳ ಉಳಿದ ದಿನಗಳನ್ನು ಹೇಗೋ ದೂಡುತ್ತಿದ್ದ.

ಜಗಳವಾದದ್ದು ಚೌತಿಯ ಹಬ್ಬದ ಊಟಕ್ಕೆ ಕೂತಾಗ. ಎಲೆಗೆ ಪತ್ರೊಡೆ ಬಿದ್ದಿತ್ತು. ವಿಜಯಾಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುವುದು ಮಾತ್ರ ಮಲಯಾಳ. ಅದರಲ್ಲೇ ಅವಳು "ಮಾವಾ, ಅಜ್ಜನ ಹತ್ತಿರ ಕಾರಿತ್ತಂತೆ, ಹೌದಾ?" ಎಂದು ಕೇಳಿದಳು.

ನಿತ್ಯಾನಂದ ಮಣೆಯ ಮೇಲೆ ನೆಟ್ಟಗಾದ. ಅವನ ಅಪ್ಪ ವಕೀಲ ಸುಬ್ರಾಯರ ಆಸ್ಟಿನ್ ಕಾರೆಂದರೆ ಒಂದು ಕಾಲದಲ್ಲಿ ಕಾಸರಗೋಡಿನಲ್ಲಿ ಸಣ್ಣ ಮಾತಲ್ಲ. ಸುಬ್ರಾಯರು ಡ್ರೈವರನನ್ನು ಇಟ್ಟವರಲ್ಲ, ಕೋಟು ಹಾಕಿಕೊಂಡು ತಾವೇ ಓಡಿಸುತ್ತಿದ್ದರು. ದಾರಿಗೆ ದನ ಅಡ್ಡ ಬಂದರೆ ಹಾರ್ನ್ ಹೊಡೆಯದೆ, ಎದುರು ಪಕ್ಷದ ವಕೀಲರಿಗೆ ಹೇಳುವ ಹಾಗೆ "ತಾವು ಮೊದಲು ಮುಗಿಸಿ" ಎಂದು ಕಾಯುತ್ತಿದ್ದರು. ಕುಂಬಳೆಯ ಏರು ಬಂದರೆ ಕಾರು ನಿಲ್ಲುವುದು, ಎಲ್ಲರೂ ಇಳಿದು ನೂಕುವುದು. ಅಮ್ಮ ಮಾತ್ರ ಅವಲಕ್ಕಿ ಡಬ್ಬ ಹಿಡಿದು ಒಳಗೇ ಕೂತಿರುವಳು, "ನಾನಿಳಿದ್ರೆ ಡಬ್ಬ ಯಾರು ಹಿಡಿಯುದು?" ಎಂದು. ನಿತ್ಯಾನಂದ ಇದನ್ನೆಲ್ಲ ಕೈ ತಿರುಗಿಸಿ, ಗೇರು ಹಾಕಿ ತೋರಿಸಿದ. ಕುಸುಮಾವತಿಯೂ ಅಲ್ಲಲ್ಲಿ ಸೇರಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಬಣ್ಣವೋ," ಎಂದ ನಿತ್ಯಾನಂದ, ಯಾರೂ ಕೇಳದಿದ್ದರೂ, "ಈ ಪತ್ರೊಡೆಯ ಕೆಸುವಿನ ಎಲೆ ಉಂಟಲ್ಲ ಮಗಾ, ಹಾಗೇ ಹಸಿರು."

"ಹಸಿರು ಎಂತದು? ಕಪ್ಪು," ಎಂದಳು ಕುಸುಮಾವತಿ.

"ನೀನಾಗ ಸಣ್ಣವಳು."

"ಸಣ್ಣವಳಾದ್ರೆ ಕಣ್ಣಿರ್ಲಿಲ್ವಾ ನಂಗೆ? ಕಪ್ಪೇ ಕಪ್ಪು. ಆ ಕಾಲದಲ್ಲಿ ಹಸಿರು ಕಾರು ಯಾರು ನೋಡಿದ್ದಾರೆ?"

"ನಾನು ನೋಡಿದ್ದೇನೆ. ದಿನಾ ನೋಡಿದ್ದೇನೆ."

"ನಿನಗೆ ಮೊದಲಿಂದ್ಲೂ ಬಣ್ಣ ತಿಳಿಯುದಿಲ್ಲ. ಅಮ್ಮನ ನೀಲಿ ಸೀರೆಯನ್ನು ನೇರಳೆ ಅಂತ ಹೇಳಿದವ ಅಲ್ವಾ ನೀನು?"

"ಅದು ನೇರಳೆಯೇ."

ದಾಮೋದರ ಒಳ್ಳೆಯ ಮನುಷ್ಯ, ಬ್ಯಾಂಕಿನಲ್ಲಿ ಎರಡೂ ಕಡೆಯ ಲೆಕ್ಕ ಸರಿಮಾಡಿ ಅಭ್ಯಾಸವಾದವನು. "ಕಡು ಹಸಿರು ಇದ್ದಿರಬಹುದು, ದೂರಕ್ಕೆ ಕಪ್ಪು ಕಾಣ್ತದೆ" ಎಂದು ನಡುವೆ ಬಾಯಿ ಹಾಕಿದ. ಅಣ್ಣತಂಗಿ ಇಬ್ಬರೂ ಅವನ ಕಡೆ ತಿರುಗಿ "ನೀವು ಆ ಕಾರು ನೋಡಿದ್ದೀರಾ?" ಎಂದು ಕೇಳಿದರು. ಆಮೇಲೆ ಅವನು ಎಲೆ ಬಿಟ್ಟು ತಲೆ ಎತ್ತಲಿಲ್ಲ. ಮಾತು ಸೀರೆಗೆ ಹೋಯಿತು, ಸೀರೆಯಿಂದ ಅಮ್ಮನ ಕೊನೆಯ ಕಾಯಿಲೆಗೆ ಹೋಯಿತು. ಕಡೆಗೆ ಕುಸುಮಾವತಿ, ಹೇಳಬಾರದಿತ್ತು, ಹೇಳಿದಳು: "ಅಪ್ಪನ ಕಾರು ಹೇಗಿತ್ತು ಅಂತಲೇ ಗೊತ್ತಿಲ್ಲದವನಿಗೆ ಅಪ್ಪನ ನೆನಪು ಎಂತ ಇರ್ತದೆ?"

ನಿತ್ಯಾನಂದ ಅರ್ಧ ಪತ್ರೊಡೆ ಬಿಟ್ಟು ಎದ್ದ. ಕೈ ತೊಳೆದು ಚೀಲ ತಗೊಂಡ. "ಬಣ್ಣ ಸಾಬೀತಾದ ಮೇಲೆ ಬರ್ತೇನೆ" ಅಂದ. "ಅದಕ್ಕೆ ಮೊದಲು ಬರುದು ಬೇಡ" ಎಂದಳು ತಂಗಿ ಒಳಗಿನಿಂದ. ಬೋಟಿನಲ್ಲಿ ಕೂತ ಮೇಲೆ ಅವನಿಗೆ ಹಸಿವೆಯಾಯಿತು.

ಆಮೇಲೆ ಅವನು ಬರೆದ ಎರಡು ಕಾಗದಕ್ಕೂ ಉತ್ತರ ಬರಲಿಲ್ಲ. ತಿಂಗಳ ಆ ಒಂದು ದಿನವೂ ಬಂದು, ಉಳಿದ ದಿನಗಳ ಹಾಗೆಯೇ ಹೋಯಿತು. ಅವನು ಸ್ಟೋವಿನ ಮುಂದೆ ಕೂತು ಇಬ್ಬರ ಮಾತನ್ನೂ ತಾನೇ ಆಡಿದ; ಕುಸುಮಳ ಪಾಲಿನ ಮಾತು ಸರಿಯಾಗಿ ಬರಲಿಲ್ಲ. ಅವಳೂ ಹೋದರೆ ಅಪ್ಪನನ್ನು ಕಂಡವರು, ಆ ಕಾರಲ್ಲಿ ಕೂತವರು ಈ ಭೂಮಿಯ ಮೇಲೆ ತನ್ನ ಪಾಲಿಗೆ ಯಾರೂ ಇಲ್ಲವೆಂದು ಹೆದರಿಕೆಯಾಯಿತು. ಹೋಗಿ 'ಕಪ್ಪು' ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವನು ವಕೀಲರ ಮಗ. ಮೊದಲು ಹಸಿರೆಂದು ಸಾಬೀತು ಮಾಡುವುದು, ಆಮೇಲೆ ದೊಡ್ಡ ಮನಸ್ಸು ಮಾಡಿ ತಂಗಿಯನ್ನು ಕ್ಷಮಿಸುವುದು ಎಂದು ತೀರ್ಮಾನಿಸಿದ.

ಅವನ ಮುಖ ನೋಡಿ ಕೇಶವ ಪಿಳ್ಳೆ ಒಂದು ಬೆಳಿಗ್ಗೆ ಸಂಪಾದಕೀಯ ಬಿಟ್ಟು "ಸಾರೇ, ಕೊಚ್ಚಿಗೆ ಹೋಗಲಿಲ್ಲವೋ ಈ ಸಲ?" ಎಂದು ಕೇಳಿದರು.

"ತಂಗಿ ಮಾತು ಬಿಟ್ಟಿದ್ದಾಳೆ."

"ಯಾತಕ್ಕೆ?"

"ನಮ್ಮ ತಂದೆಯ ಕಾರಿನ ವಿಷಯ."

ಪಿಳ್ಳೆಯವರ ಮುಖ ಅರಳಿತು. ಅವರು ತಿರುವನಂತಪುರದ ಒಬ್ಬ ದೊಡ್ಡ ವಕೀಲರ ಹತ್ತಿರ ಜೀವಮಾನವೆಲ್ಲ ಗುಮಾಸ್ತರಾಗಿದ್ದವರು. ಅಣ್ಣ ತಮ್ಮಂದಿರನ್ನು, ತಾಯಿ ಮಕ್ಕಳನ್ನು ಕಾಗದದ ಮೇಲೆ ಬೇರೆ ಮಾಡಿ ಕೈ ಪಳಗಿದವರು. ನಿವೃತ್ತರಾದ ಮೇಲೆ ಶ್ರೀಕಾರ್ಯಂನಲ್ಲಿ ಯಾರೂ ಹೊಡೆದಾಡದೆ, ಬೇಲಿ ಸಹ ಜರುಗಿಸದೆ, ಅವರಿಗೆ ಬದುಕೇ ಬೇಜಾರಾಗಿತ್ತು.

"ಕಾರು ಈಗ ಎಲ್ಲುಂಟು?"

"ಯಾರಿಗೆ ಗೊತ್ತು. ತಂದೆ ತೀರಿಹೋದ ಮೇಲೆ, ಯುದ್ಧದ ಸಮಯದಲ್ಲಿ ಅಮ್ಮ ಯಾರಿಗೋ ಕೊಟ್ಟರು. ಕೊಚ್ಚಿ ಕಡೆ ಹೋಯಿತು ಅಂತ ಸುದ್ದಿ. ಅದರ ನಂಬರು ಬಾಯಿಪಾಠ ಉಂಟು. ಆದರೆ ನನಗೆ ಕಾರು ಬೇಡ ಪಿಳ್ಳೆಯವರೇ, ಅದರ ಬಣ್ಣ ಹಸಿರಾಗಿತ್ತು ಅಂತ ಗೊತ್ತಾದರೆ ಸಾಕು."

ಪಿಳ್ಳೆ ನಕ್ಕರು. ಕಕ್ಷಿಗಾರ ಮೊದಲ ದಿನ ನಿಜ ಹೇಳಿದ್ದನ್ನು ಅವರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ. ಒಂದು ಹಲಸಿನ ಮರ ಸಾಕೆಂದು ಬಂದವಳು ಇಡೀ ಹಿತ್ತಿಲು ತಗೊಂಡು ಹೋಗಿದ್ದಳು. ಬಣ್ಣ ಕೇಳುವವನಿಗೆ ಬೇಕಾದದ್ದು ಕಾರೆಂದು ಅವರಿಗೆ ತಿಳಿಯದೆ ಇರುತ್ತದೆಯೇ? "ಆಯಿತು ಸಾರ್. ಬಣ್ಣ. ಬಣ್ಣ ಮಾತ್ರ," ಎಂದು ಕಣ್ಣು ಮಿಟುಕಿಸಿ ಹೋದರು. ಮೋಟಾರು ಇಲಾಖೆಯ ಯಾರಿಗೋ ಒಂದು ವಿಚಾರಣೆಯ ಕಾಗದ ಬರೆಯುತ್ತಾರೆಂದು ನಿತ್ಯಾನಂದ ತಿಳಿದ.

ಸಂಜೆ ಪಿಳ್ಳೆಯವರು ಹಾಳೆಯ ಎರಡೂ ಮಗ್ಗುಲು ತುಂಬಿದ ಮಲಯಾಳ ಅರ್ಜಿ ತಂದು ಮುಂದಿಟ್ಟರು. "ಓದಿ ನೋಡಿ ಸಹಿ ಹಾಕಬೇಕು" ಎಂದರು. ನಿತ್ಯಾನಂದ ಕನ್ನಡಕ ಹಾಕಿಕೊಂಡು ಮೊದಲ ಮಗ್ಗುಲು ನೋಡಿದ, "ಹ್ಞೂಂ" ಅಂದ, ನಿಟ್ಟುಸಿರು ಬಿಟ್ಟು ತಿರುಗಿಸಿದ.

"ಹೇಗುಂಟು?"

"ಸ್ವಲ್ಪ ಖಾರ ಜಾಸ್ತಿಯಾಯಿತು," ಎಂದ, ಅಭ್ಯಾಸಬಲದಿಂದ.

"ಖಾರ ಇಲ್ಲದಿದ್ದರೆ ಅರ್ಜಿ ನಡೆಯುವುದಿಲ್ಲ ಸಾರೇ."

ನಿತ್ಯಾನಂದ ಇಂಗ್ಲಿಷಿನಲ್ಲಿ ಚಂದದ ಸಹಿ ಹಾಕಿದ. ಅರ್ಜಿಯಲ್ಲಿದ್ದದ್ದು ಇಷ್ಟು: ದಿವಂಗತ ಸುಬ್ರಾಯರ, ಇನ್ನೂ ಪಾಲಾಗದ, ಹಸಿರು ಬಣ್ಣದ, ಇಂತಿಂಥ ನಂಬರಿನ ಮೋಟಾರು ಕಾರನ್ನು ಯಾರೋ ಗುಟ್ಟಾಗಿ ಕೊಚ್ಚಿಗೆ ಸಾಗಿಸಿದ್ದಾರೆ, ಅರ್ಜಿದಾರನ ತಂಗಿಯೂ ಭಾವನೂ ಅದೇ ಕೊಚ್ಚಿಯಲ್ಲಿ ವಾಸವಾಗಿರುವುದು ಬರಿಯ ಆಕಸ್ಮಿಕವೆಂದು ತಿಳಿಯಲು ಆಗುವುದಿಲ್ಲ, ಪೊಲೀಸರು ಕಾರನ್ನು ಹುಡುಕಿ ಹಿಡಿದುಕೊಡಬೇಕು. ಅದು ಮರುದಿನವೇ, ಕೊಚ್ಚಿಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಪಿಳ್ಳೆಯವರ ಹೆಂಡತಿಯ ತಮ್ಮನಿಗೆ ಹೋಯಿತು.

ಅರ್ಜಿದಾರ ನಿಮ್ಮಲ್ಲಿ ಕೆಲಸ ಮಾಡುವವನೇ ಹೌದೋ ಎಂದು ಪೊಲೀಸರು ಕಚೇರಿಗೆ ಬರೆದು ಕೇಳಿದಾಗ ಕಚೇರಿಯ ಸೂಪರಿಂಟೆಂಡೆಂಟ್ ಮತ್ತಾಯಿ ಅವನನ್ನು ಒಳಗೆ ಕರೆದರು.

"ಮಿಸ್ಟರ್ ನಿತ್ಯಾನಂದ, ನಿಮ್ಮ ಕಾರನ್ನು ಪೊಲೀಸರು ಹುಡುಕುತ್ತಿದ್ದಾರಂತೆ."

"ಪೊಲೀಸರೇ ಹುಡುಕುತ್ತಿದ್ದಾರಾ ಸಾರ್?" ಎಂದು ನಿತ್ಯಾನಂದ ಹಿಗ್ಗಿ ಕೇಳಿದ. ಒಬ್ಬ ಗುಮಾಸ್ತನ ತಂದೆಯ ಕಾರಿನ ಬಣ್ಣ ಯಾವುದೆಂದು ತಿಳಿಯಲು ಇಷ್ಟು ಕಷ್ಟಪಡುವ ಸರಕಾರ ಇನ್ನೆಲ್ಲಿ ಸಿಕ್ಕೀತು? ಮದರಾಸಿನವರಾಗಿದ್ದರೆ ಕಾಗದವನ್ನು ಬುಟ್ಟಿಗೆ ಹಾಕುತ್ತಿದ್ದರು. ಕೇರಳಕ್ಕೆ ಸೇರಿದ್ದು ಒಳ್ಳೆಯದೇ ಆಯಿತೆಂದು ಅವನಿಗೆ ಮೊದಲ ಬಾರಿ ಅನಿಸಿತು.

ಆ ಕಚೇರಿಯಲ್ಲಿ ಕಾರಿದ್ದದ್ದು ಮೇಲಿನ ಸಾಹೇಬರಿಗೆ ಮಾತ್ರ. ಸುದ್ದಿ ಮಧ್ಯಾಹ್ನದೊಳಗೆ ಎಲ್ಲ ಮೇಜುಗಳನ್ನು ಸುತ್ತಿತು. ಅಷ್ಟು ದಿನ ಇವನನ್ನು ಕಿಟಕಿಯ ಸರಳಿನ ಹಾಗೆ ನೋಡುತ್ತಿದ್ದ ಜವಾನ ಚಹ ತಂದಿಟ್ಟ. ಪಕ್ಕದ ಮೇಜಿನವನು ತನ್ನ ತಂಗಿಯ ಮದುವೆಗೆ ಕಾರನ್ನು ಮುಂಚಿತವಾಗಿಯೇ ಹೇಳಿಟ್ಟ. ಟೈಪಿಸ್ಟ್, ಕನ್ಯಾಕುಮಾರಿಯವರೆಗೆ ಹೋದರೆ ತೊಂದರೆಯಾದೀತೋ ಎಂದು ವಿಚಾರಿಸಿದ. "ಅಯ್ಯೋ, ಅದು ಅಪ್ಪನ ಕಾಲದ್ದು" ಎಂದು ನಿತ್ಯಾನಂದ ಹೇಳಿದ್ದು ವಿನಯವೆಂದೇ ಎಲ್ಲರೂ ತಿಳಿದರು. ಊಟದ ಹೊತ್ತಿಗೆ ಜನ ಅವನ ಮೇಜಿನ ಸುತ್ತ ಬಂದು ಕೂತರು. ಅವನು ಬುತ್ತಿಯ ಮುಚ್ಚಳವನ್ನು ಸ್ಟಿಯರಿಂಗ್ ಮಾಡಿಕೊಂಡು ಕುಂಬಳೆಯ ಏರು ಹತ್ತಿಸಿದ, ದನ ನಿಲ್ಲಿಸಿದ, ಅಮ್ಮನ ಡಬ್ಬದ ಮಾತು ಹೇಳಿದ. ಅವನ ಮಲಯಾಳಕ್ಕೆ ಯಾರೂ ನಗಲಿಲ್ಲ. ಅವನಿಗೆ ತುಂಬ ಸಂತೋಷವಾಯಿತು, ಅದರ ಹಿಂದೆಯೇ ಸಂಕಟವೂ ಆಯಿತು. ಅವಲಕ್ಕಿಯಲ್ಲಿ ಬೆಲ್ಲ ಇತ್ತೋ ಇಲ್ಲವೋ ಎಂದು ತಪ್ಪು ಹಿಡಿಯಲು ಅಲ್ಲಿ ಕುಸುಮ ಇರಲಿಲ್ಲ.

ಅಷ್ಟರಲ್ಲಿ ದಾಮೋದರನ ತಂತಿ ಬಂತು. ಕಾರು ಸಿಕ್ಕಿದೆ, ಕೂಡಲೇ ಹೊರಟು ಬನ್ನಿ.

ನಿತ್ಯಾನಂದ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಕಕ್ಷಿಗಾರನನ್ನು ಒಂಟಿಯಾಗಿ ಬಿಡುವುದು ಧರ್ಮವಲ್ಲವೆಂದು ಪಿಳ್ಳೆಯವರೂ ಜೊತೆಗೆ ಬಂದರು. ಮಟ್ಟಾಂಚೇರಿಯ ಬೋಟು ಜೆಟ್ಟಿಯಲ್ಲಿ ದಾಮೋದರ ಕಾಯುತ್ತಿದ್ದ. ಮುಖ ಗಂಟಿಕ್ಕಿಕೊಂಡಿತ್ತು.

"ಭಾವ, ನಾವು ನಿಮಗೆ ಎಂತ ಅನ್ಯಾಯ ಮಾಡಿದ್ದೇವೆ?"

"ಎಂತ ಆಯ್ತು?"

"ಮನೆಗೆ ಪೊಲೀಸ್ ಬಂದ್ರು. ಇರುದು ಎರಡು ಕೋಣೆ. ಮಂಚದ ಅಡಿ ನೋಡಿದ್ರು. ಅಟ್ಟ ನೋಡಿದ್ರು. ಒಬ್ಬ ಅಕ್ಕಿ ಡಬ್ಬದ ಮುಚ್ಚಳ ತೆಗೆದು ನೋಡಿದ. ಕಾರನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತಾರಾ ಭಾವ? ನೆರೆಕರೆಯವರೆಲ್ಲ ಪಾಗಾರದ ಗೋಡೆ ಮೇಲೆ. ಬ್ಯಾಂಕಿನಲ್ಲಿ ನಮ್ಮ ಮೇಲಿನ ಏಜೆಂಟರು ಕರೆದು, 'ದಾಮೋದರ, ಸ್ವಂತ ಮನೆಯಲ್ಲೇ ಇಂಥದ್ದಾದರೆ ತಿಜೋರಿ ಕೀಲಿ ನಿಮ್ಮ ಹತ್ತಿರ ಹೇಗೆ ಬಿಡುವುದು' ಅಂತ ಕೇಳಿದ್ರು."

"ನಾನು ಬಣ್ಣ ಮಾತ್ರ ಕೇಳಿದ್ದು."

ದಾಮೋದರನ ಮಾತು ಅರ್ಥವಾಗದ ಪಿಳ್ಳೆಯವರು ಇದು ತಮ್ಮ ಅರ್ಜಿಯ ಪ್ರಶಂಸೆಯೆಂದು ತಿಳಿದು, ಅದನ್ನು ಮೊದಲಿಂದ ಕೊನೆಯವರೆಗೆ ರಾಗವಾಗಿ ಒಪ್ಪಿಸಿದರು. ಕಿವಿಗೆ ಬಿದ್ದ ಮೇಲೆ ನಿತ್ಯಾನಂದನಿಗೆ ಪ್ರತಿ ಅಕ್ಷರವೂ ಚೆನ್ನಾಗಿ ತಿಳಿಯಿತು. ಅವನು ಜೆಟ್ಟಿಯ ಕಂಬ ಹಿಡಿದುಕೊಂಡ.

"ಕುಸುಮ ಎಂತ ಹೇಳಿದ್ಲು?"

"ಎಂತ ಹೇಳುದು. ಅಳ್ತಾ ಕೂತಿದ್ದಾಳೆ. 'ಅಣ್ಣ ನನ್ನ ಮನೆಗೆ ಪೊಲೀಸ್ ಕಳಿಸಿದ, ಇನ್ನು ನನಗೆ ತವರು ಅಂತ ಒಂದಿಲ್ಲ' ಅಂತ."

ದಾಮೋದರ ಅವರನ್ನು ಠಾಣೆಗೆ ಕರೆದುಕೊಂಡು ಹೋದ. ಅಂಗಳದಲ್ಲಿ ಕಾರು ನಿಂತಿತ್ತು. ಹಸಿರೂ ಅಲ್ಲ, ಕಪ್ಪೂ ಅಲ್ಲ, ಅಪ್ಪಟ ಅರಿಶಿನದ ಬಣ್ಣ. ಈಗಿನ ಯಜಮಾನ ನರಸಿಂಹ ಶೆಣೈ ಒಣಶುಂಠಿ, ಅರಿಶಿನದ ವ್ಯಾಪಾರಿ; ವ್ಯಾಪಾರಕ್ಕೆ ಒಳ್ಳೆಯದೆಂದು ಹಾಗೆ ಬಳಿಸಿದ್ದರು. ದಿನಾ ಕುಸುಮಾವತಿಯ ಓಣಿಯ ಮುಂದೆಯೇ ಗೋಣಿ ಹೇರಿಕೊಂಡು ಓಡಾಡುತ್ತಿದ್ದ ಕಾರು ಅದು. ಅವಳೂ ಎಷ್ಟೋ ಸಲ ಬದಿಗೆ ಸರಿದು ದಾರಿ ಬಿಟ್ಟಿದ್ದಳು, ಗುರುತು ಸಿಕ್ಕಿರಲಿಲ್ಲ. ಶೆಣೈಯವರು ಕೈಮುಗಿದುಕೊಂಡು, ತಾನು ಮೂರನೆಯ ಕೈಯಿಂದ ಕೊಂಡದ್ದೆಂದೂ, ಬೇಕಾದರೆ ಶುಂಠಿ ಇಳಿಸಿಕೊಂಡು ಕಾರು ಬಿಟ್ಟುಕೊಡುತ್ತೇನೆಂದೂ, ಬಂದವರಿಗೆಲ್ಲ ಹೇಳುತ್ತಿದ್ದರು. ಕುಸುಮಾವತಿ ಮಗಳ ಕೈ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಅಣ್ಣನನ್ನು ಕಂಡು ಗೋಡೆಯ ಕಡೆ ತಿರುಗಿದಳು.

ಸಬ್ ಇನ್‌ಸ್ಪೆಕ್ಟರ್ ಎಳೆಯ ವಯಸ್ಸಿನವನು, ನ್ಯಾಯ ತೀರಿಸುವ ಉಮೇದಿನಲ್ಲಿದ್ದ. "ಅರ್ಜಿದಾರರು ಹಸಿರು ಅನ್ನುತ್ತಾರೆ. ಈ ಅಮ್ಮನ ಹೇಳಿಕೆಯಲ್ಲಿ ಕಪ್ಪು ಅಂತ ಉಂಟು. ಅಡಿಯಲ್ಲಿ ಯಾವ ಬಣ್ಣ ಬರುತ್ತದೋ ಅವರ ಮಾತು ನಿಜ. ಯಾವುದೂ ಬರದಿದ್ದರೆ ಇಬ್ಬರೂ ಸುಳ್ಳು," ಎಂದು ಹೇಳಿ, ಕಾನ್‌ಸ್ಟೇಬಲನಿಗೆ ಚೂರಿ ತರಲು ಹೇಳಿದ.

ಚೌತಿಯಿಂದ ನಿತ್ಯಾನಂದ ದೇವರಲ್ಲಿ ಬೇಡಿಕೊಂಡದ್ದು ಇದನ್ನೇ. ಒಂದು ಗೀರು ಹಾಕಿದರೆ ಸಾಕು, ಅಡಿಯಿಂದ ಹಸಿರು ಬರುತ್ತದೆ, ತಂಗಿ ನೋಡುತ್ತಾಳೆ. ಅವನು ಗೋಡೆಯ ಕಡೆ ತಿರುಗಿದ್ದ ಅವಳ ಬೆನ್ನು ನೋಡಿದ. ಗೆದ್ದರೆ ಆ ಬೆನ್ನು ಇನ್ನು ಈಚೆ ತಿರುಗುವುದಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕಾನ್‌ಸ್ಟೇಬಲ್ ಮುಂದಿನ ಮಡ್‌ಗಾರ್ಡಿನ ಹತ್ತಿರ ಕೂತು ಚೂರಿಯ ಮೊನೆ ತಾಗಿಸಿದ.

"ಗೀರ್ಬೇಡ," ಎಂದ ನಿತ್ಯಾನಂದ.

"ಅದಕ್ಕೂ ನೋಯ್ತದೆ," ಎಂದಳು ಕುಸುಮಾವತಿ, ಅದೇ ಉಸಿರಿನಲ್ಲಿ.

ಎರಡೂ ಸೇರಿದರೆ, ಮಕ್ಕಳ ಉಗುರು ಕಾರಿಗೆ ತಾಗಿದಾಗಲೆಲ್ಲ ಅಪ್ಪ ಹೇಳುತ್ತಿದ್ದ ಮಾತು ಅದು, ಅಕ್ಷರಶಃ. ಕಾನ್‌ಸ್ಟೇಬಲನಿಗೆ ಕನ್ನಡ ತಿಳಿಯದಿದ್ದರೂ ಕೈ ಹಿಂದೆ ತಗೊಂಡ. ಕುಸುಮಾವತಿ ತಿರುಗಿ ಅಣ್ಣನನ್ನು ನೋಡಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ನಾವು ಕದ್ದದ್ದು ಅಂತ ಬರೆಸಿದ್ದು ನೀನೇನಾ ಅಣ್ಣ?"

"ಅದರಲ್ಲಿ ಹಾಗುಂಟು ಅಂತ ನಂಗೆ ಗೊತ್ತಿರ್ಲಿಲ್ಲ ಕುಸುಮಾ."

"ಸಹಿ ನಿನ್ನದಲ್ವಾ?"

"ಸಹಿ ನನ್ನದೇ." ಅವನು ತಲೆ ತಗ್ಗಿಸಿದ. "ನಂಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ. ಬರ್ತದೆ ಅಂತ ಹೇಳಿ ಆಗಿತ್ತು, ಮತ್ತೆ ಇಲ್ಲ ಅಂತ ಹೇಳ್ಲಿಕ್ಕೆ ನಾಚಿಕೆ ಆಯ್ತು."

"ಇವರೇನು ಹೇಳುತ್ತಿದ್ದಾರೆ?" ಎಂದು ಸಬ್ ಇನ್‌ಸ್ಪೆಕ್ಟರ್ ಕೇಳಿದ. ವಿಜಯಾಳಿಗೆ ಇಂಥ ಅವಕಾಶ ಹಿಂದೆ ಸಿಕ್ಕಿರಲಿಲ್ಲ. "ಮಾವನಿಗೆ ಮಲಯಾಳ ಓದಲು ಬರುವುದಿಲ್ಲವಂತೆ," ಎಂದು ಇಡೀ ಠಾಣೆಗೆ ಕೇಳುವಂತೆ ಅನುವಾದ ಮಾಡಿದಳು.

ಕೇಶವ ಪಿಳ್ಳೆ ಬೆಂಚು ಹುಡುಕಿ ಕೂತರು. "ಹಾಗಾದರೆ ಸಾರೇ, ದಿನಾ ಹೇಳುತ್ತಿದ್ದ ಅಭಿಪ್ರಾಯ?"

"ಅಂದಾಜಿನಲ್ಲಿ ಹೇಳುತ್ತಿದ್ದೆ. ಕ್ಷಮಿಸಬೇಕು."

ಪಿಳ್ಳೆ ಹೆಗಲ ಮೇಲುಮುಂಡು ಸರಿಮಾಡಿಕೊಂಡರು. ಮೆಲ್ಲಗೆ, "ನನ್ನ ಹತ್ತಿರ ನಿಂತು ಅಷ್ಟಾದರೂ ಮಾತಾಡುವವರು ಬೇರೆ ಯಾರೂ ಇರಲಿಲ್ಲ" ಎಂದರು.

ಸಬ್ ಇನ್‌ಸ್ಪೆಕ್ಟರಿಗೆ ತಾಳ್ಮೆ ಮುಗಿದಿತ್ತು. "ಇದು ನಿಮ್ಮ ತಂದೆಯ ಕಾರು ಹೌದೋ ಅಲ್ಲವೋ? ಒಂದು ಮಾತು ಹೇಳಿ."

ನಂಬರು ಅದೇ. ಹಿಂದಿನ ಬಾಗಿಲಿನ ತಗ್ಗೂ ಅದೇ, ಕುಂಬಳೆಯ ಏರಿನಲ್ಲಿ ನೂಕುವಾಗ ಕಲ್ಲುಕಂಬಕ್ಕೆ ತಾಗಿದ್ದು. ಕುಸುಮಾವತಿ ಹತ್ತಿರ ಬಂದು, ಆ ತಗ್ಗಿನ ಮೇಲೆ ಅಂಗೈ ಇಟ್ಟುಕೊಂಡೇ "ಅಲ್ಲ" ಎಂದಳು. ನಿತ್ಯಾನಂದ ಶೆಣೈಯವರ ಮುಗಿದ ಕೈ ನೋಡಿ "ಅಲ್ಲ ಸಾರ್, ನಮ್ಮದಲ್ಲ" ಎಂದ. ಸಬ್ ಇನ್‌ಸ್ಪೆಕ್ಟರ್ ಅರ್ಜಿಯನ್ನು ಹರಿದು, ಓದಲು ಬಾರದ್ದಕ್ಕೆ ಸಹಿ ಹಾಕುವವರ ವಿಷಯದಲ್ಲಿ ಒಂದು ಉದ್ದದ ಉಪದೇಶ ಮಾಡಿದ. ನಿತ್ಯಾನಂದ ಪೂರ್ತಿ ಕೇಳಿಸಿಕೊಂಡು ಪ್ರತಿಯೊಂದಕ್ಕೂ ತಲೆಯಾಡಿಸಿದ.

ದಾಮೋದರ ಮಗಳನ್ನು ಶಾಲೆಗೆ ಬಿಟ್ಟು ಬ್ಯಾಂಕಿಗೆ ಹೋಗಿ ಏಜೆಂಟರಿಗೆ ವಿಷಯ ತಿಳಿಸಲು ಓಡಿದ. ಪಿಳ್ಳೆಯವರು ಹೆಂಡತಿಯ ತಮ್ಮನ ಜೊತೆ ಚಹ ಕುಡಿಯಲು ಹೋದರು. ಕುಸುಮಾವತಿ ಸೆರಗು ಸರಿಮಾಡಿಕೊಂಡು, "ಊಟ ಮಾಡಿ ಹೋಗು. ನಿನ್ನೆಯಿಂದ ಒಲೆ ಹಚ್ಚಲಿಲ್ಲ, ಸ್ವಲ್ಪ ಹೊತ್ತು ಕಾಯ್ಬೇಕು" ಎಂದಳು. ಹೋದ ಜೀವ ಬಂದಂತಾಗಿದ್ದ ಶೆಣೈಯವರು ಅವರಿಬ್ಬರನ್ನು ನಡೆದು ಹೋಗಲು ಬಿಡಲೊಪ್ಪಲಿಲ್ಲ. ಮನೆಯವರೆಗೆ ಕಾರಿನಲ್ಲೇ ಬಿಟ್ಟು ಬಾ ಎಂದು ತಮ್ಮ ಡ್ರೈವರನಿಗೆ ಹೇಳಿ, ಕೈಯಾರೆ ಬಾಗಿಲು ತೆಗೆದರು.

ಇಬ್ಬರೂ ಹಿಂದೆ ಹತ್ತಿದರು. ಅವಳು ಎಡಕ್ಕೆ, ಅವನು ಬಲಕ್ಕೆ. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಕಾಲಡಿ ಶುಂಠಿಯ ಗೋಣಿ ಇತ್ತು, ಸೀಟು ಹರಿದು ತೆಂಗಿನ ನಾರು ಹೊರಗೆ ಬಂದಿತ್ತು. ಕಾರು ಗೊಗ್ಗರು ಸದ್ದು ಮಾಡಿ ಹೊರಟಿತು. ಆ ಸದ್ದು ಮಾತ್ರ ಬದಲಾಗಿರಲಿಲ್ಲ. ಇಬ್ಬರೂ ಅದನ್ನು ಕೇಳುತ್ತ ಕೂತರು.

"ಅಣ್ಣ," ಎಂದಳು ಕುಸುಮಾವತಿ, "ಇಲ್ಲಿ ಕೂತ್ರೆ ಬಣ್ಣ ಎಲ್ಲಿ ಕಾಣ್ತದೆ?"

ಅವನು ಕಿಟಕಿಯ ಕಡೆ ನೋಡಿದ, ಮುಂದೆ ನೋಡಿದ. ಎಲ್ಲೂ ಕಾಣುತ್ತಿರಲಿಲ್ಲ. ಕಾರಿದ್ದಷ್ಟು ಕಾಲವೂ ಅವರು ಅದರ ಒಳಗೆ ಕೂತದ್ದೇ ಜಾಸ್ತಿ. ಅಲ್ಲಿಂದ ಕಾಣುತ್ತಿದ್ದದ್ದು ಮುಂದೆ ಕೂತ ಅಪ್ಪನ ಕುತ್ತಿಗೆ ಒಂದೇ.

"ಎಡಗಡೆ ಒಂದು ಮಚ್ಚೆ," ಎಂದ.

"ಅದ್ರಲ್ಲಿ ಒಂದು ಕೂದಲು. ಅಮ್ಮ ಕತ್ತರಿಸ್ತೇನೆ ಅಂದ್ರೆ ಬಿಡ್ತಿರ್ಲಿಲ್ಲ."

"ಬೆವರಿದ್ರೆ ಕಾಲರಿನ ಅಡಿಗೆ ಕರ್ಚೀಫು ಸಿಕ್ಕಿಸ್ತಿದ್ರು."

"ತಿರುವು ಬಂದ್ರೆ ತಲೆಯನ್ನೂ ಆ ಕಡೆ ವಾಲಿಸುದು, ಕಾರು ಅದ್ರಿಂದಲೇ ತಿರುಗುದು ಅನ್ನುವ ಹಾಗೆ."

"ಹೌದು," ಎಂದ ನಿತ್ಯಾನಂದ. "ಹೌದು ಕುಸುಮಾ." ಒಂದು ಮಾತಿಗೂ ತಕರಾರು ಬರಲಿಲ್ಲ. ಮಾತು ಮುಗಿದ ಮೇಲೆ ಇಬ್ಬರೂ ಮುಂದಿದ್ದ ಡ್ರೈವರನ ಕುತ್ತಿಗೆಯನ್ನೇ ನೋಡುತ್ತ ಕೂತರು. ಕಾರು ಓಣಿಯ ಬಾಯಿಗೆ ಬಂದು ನಿಂತಿತು. ಇಬ್ಬರೂ ಇಳಿಯಲಿಲ್ಲ.

ಡ್ರೈವರ್ ಸ್ವಲ್ಪ ಕಾದು ಹಿಂದಕ್ಕೆ ತಿರುಗಿ "ಮನೆ ಬಂತು" ಎಂದ. ಅವನ ಮುಖ ಕಂಡದ್ದೇ ಇಬ್ಬರ ಕಣ್ಣಿಂದಲೂ ಒಟ್ಟಿಗೆ ನೀರಿಳಿಯಿತು. ಪಾಪದ ಮನುಷ್ಯ, ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಗಾಬರಿಯಾಗಿ ಅವರನ್ನೇ ನೋಡಿದ.

"ನೀನು ಆಚೆ ತಿರುಗಿ ಕೂತ್ಕೊ ಮಾರಾಯ," ಎಂದ ನಿತ್ಯಾನಂದ ಅವನಿಗೆ, ಕನ್ನಡದಲ್ಲೇ. "ಸ್ವಲ್ಪ ಹೊತ್ತು ಹಾಗೇ ಕೂತಿರು."